ಕೊಂಬು ಬಿದ್ದ ಮಾತು

ಫೆಬ್ರವರಿ 9

ಪಂಡಿತನಿಗೆ,

ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯ ಆಗಿರಬೇಕು. ನನಗೂ ಆಗ್ತಿದೆ. ಸಾಮಾನಿನ ಚೀಟಿ ಬಿಟ್ಟು ಬೇರೇನಾದರೂ ಬರೆದು ಯಾವ ಕಾಲವಾಯ್ತೋ.

ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ. ನಿಮ್ಮಣ್ಣನಿಗೆ ಡಿಸೆಂಬರಿನಲ್ಲಿ ಲಕ್ವ ಹೊಡೀತು. ಅಂಗಡಿಯಲ್ಲಿ ಯಾರದೋ ತಕ್ಕಡಿಯ ಮುಳ್ಳು ಸರಿಮಾಡ್ತಾ ಕೂತಿದ್ದೋರು ಹಾಗೇ ಬಲಗಡೆಗೆ ವಾಲಿದ್ರಂತೆ. ಪಕ್ಕದ ಟೈಲರ್ ಅದನ್ನ ನೋಡಿದಾನೆ. ಕೆಳಗೆ ಬಿದ್ದ ತಿರುಪು ಹುಡುಕ್ತಿದಾರೆ ಅಂದ್ಕೊಂಡು ಹೊಲಿಗೆ ಮುಂದುವರಿಸಿದಾನೆ. ಅವನನ್ನ ಬೈದು ಏನು ಮಾಡೋದು, ನಾನಿದ್ದರೂ ಹಾಗೇ ಅಂದ್ಕೋತಿದ್ದೆ. ಜೀವಮಾನವೆಲ್ಲ ಆ ಮನುಷ್ಯ ಕೆಳಗೆ ಬಗ್ಗಿದ್ದು ಬಿದ್ದ ತಿರುಪು ಹುಡುಕಕ್ಕೆ ಮಾತ್ರ.

ಜೀವಕ್ಕೆ ಈಗ ಭಯವಿಲ್ಲ. ಬಲಗೈ ಬಿದ್ದುಹೋಗಿದೆ. ಗೋಡೆ ಹಿಡ್ಕೊಂಡು ಕಾಲು ಎಳೀತಾ ಬಚ್ಚಲಿಗೆ ಹೋಗಿಬರ್ತಾರೆ. ಮಾತು ಹೋಯ್ತು ಅಂತಲೇ ಅಂದ್ಕೊಂಡಿದ್ವಿ. ಈಗ ಒಂದೊಂದೇ ವಾಪಸ್ ಬರ್ತಿದೆ, ಮುನಿಸ್ಕೊಂಡು ಹೋದ ಮಕ್ಕಳು ಬಾಗಿಲ ಹತ್ರ ನಿಂತು ಒಳಗೆ ಇಣುಕಿ ನೋಡ್ತಾವಲ್ಲ, ಹಾಗೆ.

ಇಷ್ಟು ದಿನ ಯಾಕೆ ತಿಳಿಸ್ಲಿಲ್ಲ ಅಂತ ಕೇಳ್ತೀಯ. ಮಾತು ಬರಕ್ಕೆ ಶುರುವಾದಾಗಲೇ ಕಿವಿ ಹತ್ರ ಬಗ್ಗಿ, “ಪಂಡಿತನಿಗೆ ಹೇಳಿಕಳಿಸ್ಲಾ?” ಅಂದೆ. “ಬೇಡ” ಅಂದ್ರು. ಆಗಿನ್ನೂ ನನ್ನ ಹೆಸರು ಹೇಳಕ್ಕೂ ನಾಲಿಗೆ ತಿರುಗ್ತಿರ್ಲಿಲ್ಲ, ಇದು ಮಾತ್ರ ಸ್ಪಷ್ಟ. ಮತ್ತೆ ಕೇಳಿದೆ. ಮತ್ತೆ “ಬೇಡ, ಬೇಡ”. ಕಣ್ಣಲ್ಲಿ ನೀರು ಬೇರೆ. ಡಾಕ್ಟರು ಸಿಟ್ಟು ಬರಿಸ್ಬೇಡಿ, ಇನ್ನೊಂದು ಸಲ ಹೊಡೆದ್ರೆ ತಡ್ಕೊಳಲ್ಲ ಅಂದಿದಾರೆ. ನಾನು ಬಾಯಿ ಮುಚ್ಕೊಂಡೆ.

ಆ ಮಾತು ನಿನಗೆ ಹೊಸದಲ್ಲ. ಅವತ್ತು ನೀನು ಪ್ರೀತಿಯಿಂದಲೇ ಕರೆಂಟಿನ ತೂಕದ ಮಿಷನ್ ಹೊತ್ಕೊಂಡು ಬಂದೆ. ಕೆಂಪಗೆ ಹೊಳೆಯೋ ನಂಬರು ತೋರಿಸಿ, “ಅಣ್ಣಾ, ಇನ್ನು ಮುಳ್ಳು ನೋಡಿ ಕಣ್ಣು ಹಾಳುಮಾಡ್ಕೊಳೋ ಹಾಗಿಲ್ಲ” ಅಂದೆ. ತಕ್ಕಡಿ ರಿಪೇರಿ ಮಾಡೋನಿಗೆ! ಅವರು ಅದನ್ನ ನೋಡಿದ್ರು, ನಿನ್ನನ್ನ ನೋಡಿದ್ರು, “ಬೇಡ” ಅಂದ್ರು. ನೀನು ಎದ್ದು ಚಪ್ಪಲಿ ಹಾಕ್ಕೊಂಡೆ. ಇಬ್ಬರಲ್ಲಿ ಒಬ್ಬರು ಇನ್ನೊಂದು ಮಾತು ಆಡಿದ್ರೆ ಬಾಯಿಂದ ಮುತ್ತು ಉದುರ್ತಿತ್ತಾ? ಅಷ್ಟಕ್ಕೇ ಏಳು ವರ್ಷ. ಅಣ್ಣನಿಗೂ ಕೊಂಬು, ತಮ್ಮನಿಗೂ ಕೊಂಬು, ಮಧ್ಯದಲ್ಲಿ ತಿವಿಸಿಕೊಂಡವಳು ನಾನು.

ಫೋನು ಅವರ ತಲೆದೆಸೆಯಲ್ಲೇ ಇದೆ. ಅವರ ಬಗ್ಗೆ ಅವರೆದುರಿಗೇ, ಅವರಿಲ್ಲವೇನೋ ಅನ್ನೋ ಹಾಗೆ ಮಾತಾಡಕ್ಕೆ ನನಗೆ ಬಾಯಿ ಬರಲ್ಲ. ಅದಕ್ಕೆ ಕಾಗದ. ಓದಿದ ತಕ್ಷಣ ಬಸ್ಸು ಹತ್ತಬೇಡ. ನೀನು ಬರಲಿ ಅಂತ ಬರೆದಿಲ್ಲ, ಹೇಳದೇ ಉಳಿದ್ಲು ಅನ್ನೋ ಮಾತು ಬರಬಾರದು ಅಂತ ಬರೆದೆ.

ಒಲೆ ಮೇಲೆ ಹಾಲಿದೆ, ಉಕ್ಕೋ ಮೊದಲು ನಿಲ್ಲಿಸ್ತೀನಿ.

ನಿನ್ನ ಅತ್ತಿಗೆ


ಫೆಬ್ರವರಿ 21

ಅತ್ತಿಗೆಗೆ,

ಪತ್ರ ತಲುಪಿತು. ಓದಿ ಮಡಿಸಿ ಡ್ರಾಯರಿನಲ್ಲಿಟ್ಟೆ. ಮತ್ತೆ ತೆಗೆದೆ.

ಅವನು ಬೇಡ ಎಂದಿದ್ದರೆ ನಾನು ಬರುವುದಿಲ್ಲ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಅಣ್ಣನ ಮಾತನ್ನು ಎರಡು ಸಲ ತೂಗಬೇಕಾಗಿಲ್ಲ ಎಂದು ನಂಬಿಕೊಂಡೇ ಬೆಳೆದವನು ನಾನು. ಅವನಿಗೆ ಮತ್ತೆ ಏನಾದರೂ ಆದರೆ, ಅದಕ್ಕೆ ನನ್ನ ಮುಖ ಕಾರಣವಾಗುವುದು ಬೇಡ.

ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ. ಕೆಲಸದ ವಿಷಯ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾನು ಕೂರುವುದು ಉದ್ದನೆಯ ಒಂದು ಕೋಣೆಯಲ್ಲಿ. ಕಿಟಕಿಗಳು ಎತ್ತರದಲ್ಲಿವೆ, ಆಕಾಶ ಬಿಟ್ಟು ಬೇರೇನೂ ಕಾಣದು. ಮೇಜಿನ ತುಂಬ ರಟ್ಟಿನ ಡಬ್ಬಿಗಳು, ಡಬ್ಬಿಗಳ ತುಂಬ ಚೀಟಿಗಳು, ಚೀಟಿಗೊಂದು ಇಂಗ್ಲಿಷ್ ಪದ. ಅದಕ್ಕೆ ಕನ್ನಡದಲ್ಲಿ ಸರಿತೂಗುವ ಮಾತು ಇಡುವುದು ನನ್ನ ಕೆಲಸ. ಅಣ್ಣನೂ ನಾನೂ ಮಾಡುವುದು ಒಂದೇ ಕಸುಬು ಎಂದು ಯಾವಾಗಲೋ ಅವನಿಗೆ ಹೇಳಬೇಕೆಂದಿದ್ದೆ. ನಮ್ಮ ಸಂಪಾದಕಿ ಕೋಣೆಯ ತುದಿಯಲ್ಲಿ ಕೂರುತ್ತಾರೆ. ನಾವು ಮೇಡಂ ಎನ್ನುತ್ತೇವೆ, ಅವರು ಕೆಂಪು ಪೆನ್ಸಿಲಿನಿಂದ ಉತ್ತರಿಸುತ್ತಾರೆ. ಹೆಚ್ಚು ಬರೆದರೆ ಹೊಡೆದುಹಾಕುತ್ತಾರೆ.

ಈಗ ‘ಬಿ’ ಅಕ್ಷರದಲ್ಲಿದ್ದೇವೆ. ನಿಮ್ಮ ಪತ್ರ ಬಂದ ದಿನ ನನ್ನ ಕೈಗೆ ಬಂದ ಚೀಟಿ ‘ಬಿಸೀಚ್’. ದೈನ್ಯದಿಂದ ಕೇಳಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿರುವ ಹಳೆಯ ಕ್ರಿಯಾಪದ. ಪ್ರಾರ್ಥನೆಗಳಲ್ಲಿ, ಹಿಂದಿನವರ ಪತ್ರಗಳಲ್ಲಿ ಸಿಗುತ್ತದೆ. ಬೀದಿಯಲ್ಲಿ ಈಗ ಯಾರೂ ಆಡುವುದಿಲ್ಲ. ನಮ್ಮ ನಿಘಂಟಿನ ಹಿಂದಿನ ಮುದ್ರಣದಲ್ಲಿ ‘ಬೇಡಿಕೊಳ್ಳು, ಅಂಗಲಾಚು’ ಎಂದಿದೆ. ಅದನ್ನೇ ಇಟ್ಟು ಮುಂದೆ ಹೋಗಿ ಎನ್ನುತ್ತಾರೆ ಮೇಡಂ. ನನಗೆ ಹೋಗಲಾಗುತ್ತಿಲ್ಲ. ಅಂಗಲಾಚುವವನು ಮೈಯೆಲ್ಲ ಕುಗ್ಗಿಸಿರುತ್ತಾನೆ. ಗೋಗರೆಯುವುದರಲ್ಲಿ ಸದ್ದು ಜಾಸ್ತಿ. ದುಂಬಾಲು ಬೀಳುವವನು ಹೆಸರೇ ಹೇಳುವಂತೆ ಬಾಲದ ಹಿಂದೆ ಹೋಗುತ್ತಾನೆ, ದುಂಬಾಲು ಎಂದರೆ ಬಾಲವೇ. ಹಲ್ಲುಗಿಂಜುವವನ ಮಾತು ಬಿಡಿ. ಈ ಇಂಗ್ಲಿಷ್ ಪದ ಹಾಗಿಲ್ಲ. ಬಗ್ಗಿದ್ದರೂ ಅದಕ್ಕೊಂದು ನೆಟ್ಟನೆಯ ಬೆನ್ನಿದೆ. ಅದು ಎಲ್ಲಿಂದ ಬಂತೆಂದು ಹುಡುಕುತ್ತಿದ್ದೇನೆ.

ಅಣ್ಣ ಈ ಯಾವ ಕ್ರಿಯಾಪದವನ್ನೂ ಬಳಸಿದ್ದು ನಾನು ಕೇಳಿಲ್ಲ. ಚಿಕ್ಕಂದಿನಲ್ಲೊಮ್ಮೆ ಮನೆಯ ಬೀಗದ ಕೈ ಕಳೆದುಹೋಯಿತು. ಅಪ್ಪ ಅಮ್ಮ ಬರುವುದು ಸಂಜೆಗೆ. ಎದುರುಮನೆಯಾಕೆ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು, ಒಂದು ಮಾತು ಕೇಳಿದ್ದರೆ ಒಳಗೆ ಕರೆದು ಏನಾದರೂ ಕೊಡುತ್ತಿದ್ದಳು. ನಾನು ಹಸಿವೆಂದು ಅತ್ತೆ. ಅವನು ನನ್ನ ಬಾಯಿ ಮುಚ್ಚಿ, ತನ್ನ ಜೇಬಿನಲ್ಲಿದ್ದ ಒಂದೇ ಬಿಸ್ಕತ್ತನ್ನು ಪೂರ್ತಿ ನನಗೆ ತಿನ್ನಿಸಿ, ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂತಿದ್ದ. ಅಪ್ಪ ಬಂದು ಕೇಳಿದಾಗ ಎದುರುಮನೆಯಾಕೆಯೇ ಹೇಳಿದ್ದು: “ನಿಮ್ಮ ದೊಡ್ಡವನ ಬಾಯಿಗೆ ಬೇಡೋ ಮಾತೇ ಬರಲ್ಲಪ್ಪ.” ಅವಳು ಬೈದಳೋ ಹೊಗಳಿದಳೋ ಇವತ್ತಿಗೂ ಗೊತ್ತಿಲ್ಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಹಾಲು ಉಕ್ಕಲಿಲ್ಲ ತಾನೆ?

ಇಂತಿ,
ತಮ್ಮ ಮೈದುನ


ಮಾರ್ಚ್ 6

ಪಂಡಿತನಿಗೆ,

ಹಾಲು ಉಕ್ಕಿತು. ನಿನಗೆ ಕಾಗದ ಬರೆದರೆ ಇನ್ನೇನಾಗತ್ತೆ.

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಅಣ್ಣ ಹಾಸಿಗೆಯಲ್ಲಿ, ತಮ್ಮ ಚೀಟಿಯಲ್ಲಿ. ಇಡೀ ಊರು ಬೇಡಿ ತಿನ್ನತ್ತೆ, ಬೇಡೋದಕ್ಕೆ ಸರಿಯಾದ ಪದ ಇಲ್ಲ ಅಂತ ನೀನೊಬ್ಬ ಪರದಾಡ್ತಿದೀಯ! ಆದ್ರೂ ಬಿಸ್ಕತ್ತಿನ ಕತೆ ನನಗೆ ಗೊತ್ತಿರ್ಲಿಲ್ಲ. ಈ ಮನುಷ್ಯ ಒಂದು ದಿನವಾದ್ರೂ ಹೇಳಿದ್ರೆ ಕೇಳು.

ಇಲ್ಲಿ ದಿನಾ ಮಾತಿನ ಪಾಠ. ಆಸ್ಪತ್ರೆಯಿಂದ ಒಬ್ಬಳು ಟೀಚರಮ್ಮ ಬರ್ತಾಳೆ. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಲೋಟ, ಬಾಚಣಿಗೆ, ಬೀಗ ಎಲ್ಲ ಮುಂದಿಟ್ಟು ಹೇಳಿಸ್ತಾಳೆ. ವಸ್ತುಗಳ ಹೆಸರು ಪರವಾಗಿಲ್ಲ. ಮಾಡೋ ಕೆಲಸ ಹೇಳೋದ್ರಲ್ಲೇ ತೊಡಕು. “ನೀರ ಕೊಡ” ಅಂತಾರೆ. “ಬಾಗಿಲ ತೆಗಿ” ಅನ್ನೋದ್ರಲ್ಲಿ ತೆಗಿ ಸರಿಯಾಗಿ ಬರತ್ತೆ, ಆದ್ರೆ “ಇಲ್ಲಿ ಇಡು” ಅನ್ನಕ್ಕೆ “ಇಡ”, “ನೋಡು” ಅನ್ನಕ್ಕೆ “ನೋಡ”, ಬೇಕು ಅನ್ನಕ್ಕೆ “ಬೇಕ”. ಮೊದಮೊದಲು ನಾನು ತಿದ್ದಕ್ಕೆ ಹೋದೆ. “ಅಮ್ಮಾ, ತಿದ್ದಬೇಡಿ, ಮಾತಿನ ಬಾಲ ಉದುರಿದೆ, ತಲೆ ಗಟ್ಟಿಯಾಗಿದೆ, ತಲೆ ಹಿಡ್ಕೊಂಡು ಹೋಗಿ” ಅಂದ್ಲು. ನೋಡಪ್ಪ, ನಿನ್ನ ದುಂಬಾಲು ಇಲ್ಲಿ ಉದುರಿ ಬಿದ್ದಿದೆ.

ಕಿಟಕಿ ಹತ್ರ ಕುರ್ಚಿ ಹಾಕಿ, ಮುಂದೆ ಸಣ್ಣ ತಕ್ಕಡಿ ಇಟ್ಟಿದೀನಿ. ಎಡಗೈಯಲ್ಲಿ ತಟ್ಟೆ ಒರೆಸ್ತಾರೆ, ಮುಳ್ಳು ನಡುಗೋದು ನಿಲ್ಲೋವರೆಗೂ ಕಣ್ಣು ಕೀಳದೆ ನೋಡ್ತಾರೆ. ಮುಳ್ಳು ನಿಂತಾಗ ಅವರ ಮುಖವೂ ನಿಲ್ಲತ್ತೆ.

ಈಗ ಮುಖ್ಯ ವಿಷಯ. ನಿನ್ನ ಕಾಗದ ಬಂದಾಗ ಅಂಚೆಯವನು ಅದನ್ನ ನೆಟ್ಟಗೆ ಅವರ ಕೈಗೇ ಕೊಟ್ಟುಬಿಟ್ಟ. ಮೇಲಿನ ಅಕ್ಷರ ಗುರುತು ಹಿಡಿದ್ರು. ಕವರನ್ನ ಎಡಗೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡು “ಬೇಡ, ಬೇಡ” ಅಂದ್ರು. ಉಸಿರು ಜೋರಾಯ್ತು, ಕುತ್ತಿಗೆ ನರ ಉಬ್ಬಿತು. ನಾನು ಹೆದರಿ ಕಿತ್ಕೊಂಡೆ. ಸುಲಭಕ್ಕೆ ಬಿಡ್ಲಿಲ್ಲ, ಹರಿದುಹೋಗತ್ತೇನೋ ಅಂದ್ಕೊಂಡೆ. ಅಷ್ಟು ಕೋಪ ಇನ್ನೂ ಇದೆಯಲ್ಲ ಅಂತ ಹೊಟ್ಟೆ ಉರೀತು.

ಇನ್ನು ಮೇಲೆ ಮನೆಗೆ ಬರೀಬೇಡ. ಟೈಲರ್ ಅಂಗಡಿ ವಿಳಾಸಕ್ಕೆ ಬರಿ. ಈ ವಯಸ್ಸಲ್ಲಿ ಕದ್ದು ಕಾಗದ ತರಿಸ್ಕೊಳೋ ಯೋಗ ನನ್ನ ಹಣೇಲಿತ್ತು.

ನಿನ್ನ ಅತ್ತಿಗೆ


ಮಾರ್ಚ್ 19

ಅತ್ತಿಗೆಗೆ,

ಮೊದಲು ಟೈಲರಿಗೆ ವಂದನೆ. ಅವರು ಇದನ್ನು ಒಡೆದು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಮುಂದೆ ವ್ಯಾಕರಣವಿದೆ.

ನನ್ನ ಪದದ ಮೂಲ ಸಿಕ್ಕಿತು. ‘ಬಿಸೀಚ್’ ಪದದೊಳಗೆ ಇರುವುದು ‘ಸೀಕ್’. ಸೀಕ್ ಎಂದರೆ ಹುಡುಕು. ಅದರ ಮುಂದಿನ ‘ಬಿ’ ಎಂದರೆ ಸುತ್ತಲೂ, ಬಿಡದೆ, ಪೂರ್ತಿಯಾಗಿ. ಒಂದು ಕಾಲದ ಇಂಗ್ಲಿಷಿನವರಿಗೆ ಬೇಡುವುದೆಂದರೆ ಮೂಲೆಮೂಲೆಯೂ ಬಿಡದೆ ಹುಡುಕುವುದು. ಕೈಯೊಡ್ಡಿದವನು ಏನನ್ನೋ ಕಳೆದುಕೊಂಡಿದ್ದಾನೆ, ಅದು ನಿಮ್ಮ ಹತ್ತಿರ ಇರಬಹುದೆಂದು ನಿಮ್ಮ ಮುಖದಲ್ಲಿ ಹುಡುಕುತ್ತಿದ್ದಾನೆ. ಅಣ್ಣ ತಿರುಪು ಹುಡುಕುತ್ತಿದ್ದಾನೆಂದು ಟೈಲರ್ ಅಂದುಕೊಂಡದ್ದು ಸುಳ್ಳಲ್ಲ ನೋಡಿ.

ಇನ್ನೂ ಇದೆ. ಆ ನಾಡಿನ ಉತ್ತರದವರ ಬಾಯಲ್ಲಿ ‘ಕ್’, ದಕ್ಷಿಣದವರ ಬಾಯಲ್ಲಿ ‘ಚ್’. ಹುಡುಕು ಎಂಬ ಮಾತಿಗೆ ಉತ್ತರದ ಉಚ್ಚಾರ ನಿಂತಿತು, ಬೇಡು ಎಂಬ ಮಾತಿನಲ್ಲಿ ದಕ್ಷಿಣದ್ದು ಉಳಿಯಿತು. ಒಂದೇ ಮನೆಯ ಎರಡು ಮಾತುಗಳು ಬೇರೆ ಊರು ಸೇರಿ, ಎದುರಿಗೆ ಸಿಕ್ಕರೂ ಗುರುತಾಗದಷ್ಟು ಬದಲಾದವು. ಆದರೆ ಎರಡನ್ನೂ ಭೂತಕಾಲಕ್ಕೆ ಒಯ್ದರೆ ಮುಖ ಮತ್ತೆ ಒಂದೇ: ‘ಸಾಟ್’, ‘ಬಿಸಾಟ್’. ಸಾವಿರ ವರ್ಷ ಯಾರೂ ಹೇಳಿಕೊಡದೆ ಜನರ ನಾಲಿಗೆ ಇದನ್ನು ಕಾಪಾಡಿಕೊಂಡು ಬಂದಿದೆ. ಇಂಥದ್ದನ್ನು ಕಂಡಾಗ ಯಾರಿಗೆ ಕೈಮುಗಿಯಬೇಕೋ ನನಗೆ ತಿಳಿಯುವುದಿಲ್ಲ.

ಈಗ ನಾನು ಬರೆಯಲು ಹೆದರುತ್ತಿರುವ ಭಾಗ.

ನಿಮ್ಮ ಪತ್ರದಲ್ಲಿ ‘ಕೊಡ’, ‘ಇಡ’, ‘ನೋಡ’, ‘ಬೇಕ’ ಎಂದು ಬರೆದಿದ್ದೀರಿ. ಟೀಚರಮ್ಮ ಬಾಲ ಉದುರಿದೆ ಎಂದರಂತೆ. ನಾನು ಅದನ್ನು ಕಾಗದದ ಮೇಲೆ ಬರೆದು ನೋಡಿದೆ. ಬರೆದಾಗ ಉದುರಿರುವುದು ಬಾಲವಲ್ಲ, ಕೊಂಬು. ಕೊಡು, ಇಡು, ನೋಡು: ಎಲ್ಲದರ ಕೊನೆಯಲ್ಲೂ ಒಂದು ಕೊಂಬಿದೆ. ಅವನ ಬಾಯಲ್ಲಿ ಅದೊಂದೇ ನಿಲ್ಲುತ್ತಿಲ್ಲ. ‘ತೆಗಿ’ ಎಂಬುದಕ್ಕೆ ಕೊಂಬಿಲ್ಲ, ಅದು ಸರಿಯಾಗಿಯೇ ಬರುತ್ತದೆ.

ಹಾಗಾದರೆ, ಅತ್ತಿಗೆ, ಅವನು ‘ಬೇಡು’ ಎಂಬ ಮಾತನ್ನು ಆಡಲು ಹೊರಟರೆ ಏನಾಗುತ್ತದೆ?

ಹಳಗನ್ನಡದಲ್ಲಿ ‘ಮಾಡ’ ಎಂದರೆ ಮಾಡುವುದಿಲ್ಲ, ‘ನೋಡ’ ಎಂದರೆ ನೋಡುವುದಿಲ್ಲ. ನಾವು ದಿನವೂ ಆಡುವ ‘ಬೇಡ’ ಕೂಡ ಹಾಗೆ ಬೇಡು ಎಂಬುದರಿಂದಲೇ ಹುಟ್ಟಿದ ನಿಷೇಧ ಎಂದು ವ್ಯಾಕರಣ ಬಲ್ಲವರು ಹೇಳುತ್ತಾರೆ. ಬೇಡ ಎಂದು ತಳ್ಳುವ ಮಾತಿನ ಹೊಟ್ಟೆಯಲ್ಲಿ ಬೇಡುವ ಮಾತು ಮಲಗಿದೆ. ನಡುವೆ ಇರುವುದು ಒಂದು ಕೊಂಬು. ಇಷ್ಟು ವರ್ಷ ಇದನ್ನೇ ಕಸುಬು ಮಾಡಿಕೊಂಡ ನಾನು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಇದು ಬರಿಯ ಅಕ್ಷರದ ಆಟ ಇರಬಹುದು. ಬೇಡದವನ ಬಾಯಲ್ಲಿ ಆ ಮಾತು ಕೇಳಬೇಕೆಂಬ ನನ್ನದೇ ಆಸೆ ಇರಬಹುದು. ಆದ್ದರಿಂದ ನಾನು ನಂಬುವುದಿಲ್ಲ. ನೀವು ಕಿವಿಗೊಟ್ಟು ಕೇಳಬೇಕು, ಅಷ್ಟೇ. ಔಷಧಿ ತಂದಾಗ, ಊಟ ಸಾಕಾದಾಗ, ಫ್ಯಾನು ನಿಲ್ಲಿಸಬೇಕಾದಾಗ ಅವನು ಏನೆನ್ನುತ್ತಾನೆ? ಅಲ್ಲೂ ಇದೇ ‘ಬೇಡ’ ಬಂದರೆ ನನ್ನ ಪತ್ರ ಹರಿದುಹಾಕಿ.

ಉತ್ತರಕ್ಕೆ ಅವಸರವಿಲ್ಲ. ಎರಡರಲ್ಲಿ ಯಾವುದು ಬಂದರೂ ಎದುರಿಸಲು ನನಗೆ ಸ್ವಲ್ಪ ಸಮಯ ಬೇಕು.

ತಮ್ಮ ಮೈದುನ


ಏಪ್ರಿಲ್ 14

ಪಂಡಿತ,

ಟೈಲರ್ ಒಡೆದಿದ್ದ. “ವ್ಯಾಕರಣ ಅಂತ ಬಂತು ನೋಡಿ, ಅಲ್ಲಿಗೇ ನಿಲ್ಲಿಸ್ದೆ ಅಕ್ಕಾ” ಅಂತ ಕವರಿಗೆ ನೀಟಾಗಿ ನಾಲ್ಕು ಹೊಲಿಗೆ ಹಾಕಿ ಕೊಟ್ಟ.

ತಡವಾಯ್ತು. ಬರೀಬಾರದು ಅಂತಲ್ಲ. ನಿನ್ನ ಕಾಗದ ಓದಿದ ಮೇಲೆ ನನ್ನ ಕಿವಿಯೇ ನನಗೆ ಹೊಸದಾಗಿಬಿಡ್ತು. ಅವರು ಬಾಯಿ ತೆರೆದ್ರೆ ನನ್ನ ಕೈಲಿರೋ ಪಾತ್ರೆ ನಿಂತುಹೋಗತ್ತೆ.

ಔಷಧಿಗೆ ಬೇಡ ಅನ್ನಲ್ಲ. ತುಟಿ ಬಿಗಿದು ಗೋಡೆ ಕಡೆ ತಿರುಗ್ತಾರೆ. ಊಟಕ್ಕೆ “ಸಾಕ” ಅಂತಾರೆ. ಫ್ಯಾನಿಗೂ “ಸಾಕ”. ಟೈಲರ್ ತಂದುಕೊಟ್ಟ ಸೂಪಿಗೆ ಬಾಯಿಗಿಡೋ ಮೊದಲೇ “ಸಾಕ” ಅಂದ್ರು, ಅವನ ಮುಖ ನೋಡಬೇಕಿತ್ತು. ಬೇಡ ಅನ್ನೋದು ಎಲ್ಲೂ ಇಲ್ಲ ಪಂಡಿತ. ಇಷ್ಟು ದಿನದಲ್ಲಿ ನೀರಿಗೆ, ಹಾಸಿಗೆಗೆ, ನನಗೆ, ಯಾತಕ್ಕೂ ಇಲ್ಲ. ಗೋಡೆ ಮೇಲೆ ನಿಮ್ಮಿಬ್ಬರ ಚಿಕ್ಕಂದಿನ ಫೋಟೋ ಇದೆಯಲ್ಲ, ಅದರ ಧೂಳು ಒರೆಸ್ತಿದ್ದೆ. ಆಗ ಬಂತು. “ಬೇಡ.” ಒರೆಸಬೇಡ ಅಂತಿದಾರೆ ಅಂತ ಮೊದಲಾಗಿದ್ರೆ ಕೆಳಗಿಳೀತಿದ್ದೆ. ಇಳೀಲಿಲ್ಲ. ತಿರುಗಿ ನೋಡಿದೆ. ಅವರು ಫೋಟೋ ನೋಡ್ತಿದ್ರು. ಕೋಪ ಇದ್ದ ಮುಖ ಹಾಗಿರಲ್ಲ.

ಕೊನೆಗೆ ನಿನ್ನೆ ಎದುರಿಗೇ ಕೂತೆ. “ಪಂಡಿತ ಬರ್ತೀನಿ ಅಂತಿದಾನೆ. ಬರಬೇಡ ಅಂತ ಬರೀಲಾ?” ಅಂತ ಸುಳ್ಳೇ ಕೇಳಿದೆ.

“ಸಾಕ” ಅಂದ್ರು. “ಸಾಕ, ಸಾಕ.”

ಹಾಗಂದ್ರೆ ನನ್ನ ಮಾತು ಸಾಕು ಅಂತಲೋ, ಬರಬೇಡ ಅನ್ನೋದು ಸಾಕು ಅಂತಲೋ? ಆಮೇಲೆ ಎಡಗೈಯನ್ನ ತೊಡೆ ಮೇಲೆ ಅಂಗಾತ ಇಟ್ರು. ಖಾಲಿ ತಟ್ಟೆ ಹಾಗೆ. “ಬೇಡ” ಅಂದ್ರು. ಮದುವೆ ಆದಾಗಿಂದ ಆ ಕೈ ಅಂಗಾತ ಆಗಿದ್ದು ನಾನು ನೋಡಿಲ್ಲ. ಗಿರಾಕಿಯಿಂದ ಚಿಲ್ಲರೆ ತಗೊಳೋವಾಗಲೂ ಮೇಜಿನ ಮೇಲಿಡಿ ಅನ್ನೋರು.

ಟೀಚರಮ್ಮನ್ನ ಕೇಳಿದೆ. “ಇರಬಹುದು ಅಮ್ಮಾ, ಇಲ್ಲದೇ ಇರಬಹುದು. ಒಂದು ಮಾತಿನ ಮೇಲೆ ಅಷ್ಟು ಭಾರ ಹೇರಬೇಡಿ” ಅಂದ್ಲು. ನನಗೀಗ ಭಯ. ನೀನು ಬಂದು, ಅದು ನಿಜವಾಗ್ಲೂ ಬೇಡವೇ ಆಗಿದ್ರೆ? ಬಾಗಿಲಲ್ಲಿ ನಿನ್ನ ನೋಡಿ ಇನ್ನೊಂದು ಸಲ ವಾಲಿಬಿಟ್ರೆ? ನೀನು ಬರದೇ ಇದ್ದು, ಅವರು ಹೀಗೇ ಕೈ ಅಂಗಾತ ಇಟ್ಕೊಂಡು ಹೋಗಿಬಿಟ್ರೆ? ಇದನ್ನ ಯಾವ ತಕ್ಕಡಿಯಲ್ಲಿ ತೂಗಲಿ ಹೇಳು. ನೀನೇ ನಿರ್ಧಾರ ಮಾಡು. ಬಾ ಅಂತಲೂ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ಆ ಮಾತು ಆಡಕ್ಕೇ ಈಗ ನಾಲಿಗೆ ತಡವರಿಸತ್ತೆ.

ಅತ್ತಿಗೆ


ಏಪ್ರಿಲ್ 20

ಅತ್ತಿಗೆಗೆ,

ಒಂದೇ ಸಂಗತಿ ಬರೆಯುವುದಿದೆ. ‘ಬಿಸೀಚ್’ ಪದಕ್ಕೆ ನೆರೆಯಲ್ಲಿ ದಾಯಾದಿಗಳಿದ್ದಾರೆ. ಅದೇ ಹುಡುಕು, ಅದೇ ‘ಬಿ’, ಅದೇ ಕಟ್ಟಡ. ಜರ್ಮನ್ನರಲ್ಲಿದೆ, ಡಚ್ಚರಲ್ಲಿದೆ. ಅವರಿಗೂ ಬೇಡುವುದು ಎಂದೇ ಅರ್ಥವಿರಬೇಕೆಂದು ಪುಟ ತಿರುಗಿಸಿದೆ.

ಇಲ್ಲ. ಅವರಲ್ಲಿ ಅದಕ್ಕೆ ಒಬ್ಬರನ್ನು ಹೋಗಿ ಕಾಣುವುದು, ಒಬ್ಬರ ಮನೆಗೆ ಹೋಗುವುದು ಎಂದರ್ಥ. ಇವತ್ತಿಗೂ ದಿನಬಳಕೆಯ ಮಾತು. ಮಕ್ಕಳೂ ಆಡುತ್ತಾರೆ.

ಒಂದೇ ಮಾತು ಒಂದು ಮನೆಯಲ್ಲಿ ಬೇಡುವುದಾಯಿತು, ಪಕ್ಕದ ಮನೆಯಲ್ಲಿ ಹೊರಟು ಬರುವುದಾಯಿತು. ಒಂದು ಪ್ರಶ್ನೆ, ಇನ್ನೊಂದು ಉತ್ತರ ಇದ್ದಂತೆ.

ಇದು ಯಾವುದನ್ನೂ ಸಾಬೀತು ಮಾಡುವುದಿಲ್ಲ ಎಂದು ನನಗೆ ಗೊತ್ತು. ಶನಿವಾರದ ಬಸ್ಸಿಗೆ ಬರುತ್ತೇನೆ. ಮೊದಲೇ ಅವನಿಗೆ ತಿಳಿಸಿಬಿಡಿ, ತಟ್ಟನೆ ಎದುರಾಗುವುದು ಬೇಡ. ಡಾಕ್ಟರಿಗೂ ಒಂದು ಮಾತು ಹೇಳಿರಿ. ಅವನ ಉಸಿರು ಜೋರಾದರೆ ನಾನು ಹೊರಗೆ ಟೈಲರ್ ಅಂಗಡಿಯಲ್ಲಿ ಕೂರುತ್ತೇನೆ. ಆದರೆ ಅವನು ಬೇಡ ಎಂದ ಕೂಡಲೇ ಈ ಸಲ ಚಪ್ಪಲಿ ಹಾಕಿಕೊಳ್ಳುವುದಿಲ್ಲ.

ಮೈದುನ


ಮೇ 2

ಮಾನ್ಯ ಮೇಡಂ ಅವರಿಗೆ,

ವಿಷಯ: ರಜೆಯ ಕುರಿತು.

ಎರಡು ದಿನಕ್ಕೆಂದು ಹೇಳಿ ಬಂದವನು ಇನ್ನೂ ಹಿಂತಿರುಗಿಲ್ಲ. ಕೌಟುಂಬಿಕ ಕಾರಣ ಎಂದು ಬರೆದರೆ ಸಾಕಿತ್ತು. ಆದರೆ ನೀವು ಪಕ್ಕದಲ್ಲಿ ‘ಎಂಥದ್ದು?’ ಎಂದು ಕೆಂಪು ಪೆನ್ಸಿಲಿನಲ್ಲಿ ಬರೆಯುತ್ತೀರಿ. ಆದ್ದರಿಂದ ಪೂರ್ತಿ ಬರೆಯುತ್ತೇನೆ. ಹೆಚ್ಚಾದದ್ದನ್ನು ಹೊಡೆದುಹಾಕಿ.

ನನ್ನ ಅಣ್ಣ ತಕ್ಕಡಿ ರಿಪೇರಿ ಮಾಡುವವನು. ಲಕ್ವ ಹೊಡೆದು ಅವನ ಬಲಗೈಯೂ ಅರ್ಧ ಮಾತೂ ಹೋಗಿವೆ. ನನ್ನ ವಿಷಯ ಬಂದಾಗಲೆಲ್ಲ ‘ಬೇಡ’ ಎನ್ನುತ್ತಿದ್ದಾನೆಂದು ಅತ್ತಿಗೆ ಬರೆದಿದ್ದರು. ಆ ಮಾತಿನಲ್ಲಿ ಒಂದು ಕೊಂಬು ಬಿದ್ದುಹೋಗಿರಬಹುದೇ ಎಂಬ ಸಂಶಯ ನನಗೆ ಬಂದದ್ದು ನಿಮ್ಮ ಕೋಣೆಯಲ್ಲಿ, ನೀವು ಒಂದು ಸಾಲಿನಲ್ಲಿ ಮುಗಿಸಿ ಎಂದ ಆ ಚೀಟಿಯ ಮುಂದೆ. ತಡಮಾಡಿದೆನೆಂದು ನೀವು ಗೊಣಗಿದಿರಿ. ಕಾರಣ ಇದು.

ಶನಿವಾರ ಮಧ್ಯಾಹ್ನ ತಲುಪಿದೆ. ಅವನು ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಹೊಸ ಅಂಗಿ ಹಾಕಿದ್ದರು, ಗುಂಡಿಯೊಂದು ತಪ್ಪು ಕಾಜಕ್ಕೆ ಬಿದ್ದಿತ್ತು. ಮುಂದೆ ಸಣ್ಣ ತಕ್ಕಡಿ. ನನ್ನನ್ನು ನೋಡಿದ. ಬಾಯಿಯ ಒಂದು ಬದಿ ಮಾತ್ರ ಅಲುಗಿತು.

“ಬೇಡ” ಎಂದ.

ಮೇಡಂ, ಅದು ನಾನು ಏಳು ವರ್ಷ ಕೇಳಿಸಿಕೊಳ್ಳುತ್ತಲೇ ಇದ್ದ ಅದೇ ಮಾತು, ಅದೇ ದನಿ. ನನ್ನ ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತು. ಪುಸ್ತಕದಲ್ಲಿ ಓದಿದ್ದೊಂದೂ ಆಗ ಉಪಯೋಗಕ್ಕೆ ಬರಲಿಲ್ಲ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ನಾನು ನಿಂತೇ ಇದ್ದೆ. ಅವನ ಎಡಗೈ ತೊಡೆಯ ಮೇಲೆ ನಿಧಾನವಾಗಿ ಮಗುಚಿ ಅಂಗಾತವಾಯಿತು.

“ಬೇಡ.”

ಅಷ್ಟು ಹೊತ್ತಿಗೆ ಅವನ ಕಣ್ಣು ನನ್ನ ಮುಖದ ಮೇಲಿತ್ತು. ಹಣೆಯಿಂದ ಗಲ್ಲದವರೆಗೆ, ಮತ್ತೆ ಗಲ್ಲದಿಂದ ಹಣೆಗೆ ಓಡಾಡುತ್ತಿತ್ತು. ಹುಡುಕುತ್ತಿತ್ತು. ಬೇರೆ ಮಾತಿಲ್ಲ ಅದಕ್ಕೆ. ಪುಸ್ತಕದಲ್ಲಿ ಸಾವಿರ ವರ್ಷ ಹಿಂದಕ್ಕೆ ಹೋಗಿ ನಾನು ಅಗೆದು ತೆಗೆದ ಅರ್ಥವನ್ನು, ಆ ಭಾಷೆಯ ಗಂಧವೇ ಇಲ್ಲದ ಅವನು ಕುರ್ಚಿಯಲ್ಲಿ ಕೂತು ಮಾಡುತ್ತಿದ್ದ. ನಾವು ಚೀಟಿಗಳಲ್ಲಿ ಬರೆದಿಡುವುದೆಲ್ಲ ಮೊದಲು ಹೀಗೆ ಯಾರದೋ ಮುಖದಲ್ಲಿ ಆಗಿದ್ದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆ ಕೈಯಲ್ಲಿ ಏನಿಡಬೇಕೋ ತಿಳಿಯಲಿಲ್ಲ. ನಾನು ಏನನ್ನೂ ತಂದಿರಲಿಲ್ಲ. ತಂದರೆ ಏನಾಗುತ್ತದೆಂದು ಹಿಂದೆ ನೋಡಿದ್ದೇನೆ. ಹತ್ತಿರ ಹೋಗಿ ನನ್ನ ಕೈಯನ್ನೇ ಇಟ್ಟೆ. ಅವನು ಅದನ್ನು ಸ್ವಲ್ಪ ಮೇಲೆತ್ತಿದ, ಇಳಿಸಿದ, ಮತ್ತೆ ಎತ್ತಿದ. ತೂಕದ ಕಲ್ಲಿಲ್ಲದೆ ಅಂದಾಜು ನೋಡುವಾಗ ಹಾಗೆಯೇ ಮಾಡುತ್ತಾನೆ.

“ಕಮ್ಮಿ” ಎಂದ.

ಅತ್ತಿಗೆ ಸೌಟು ಕೆಳಗೆ ಬಿಟ್ಟು, “ನೋಡಿದ್ಯಾ! ಬಂದ ಗಳಿಗೇಲೇ ತೂಕದಲ್ಲಿ ಮೋಸ ಹಿಡಿದ್ರು” ಎಂದು ನಗತೊಡಗಿದವರು ನಗು ನಿಲ್ಲಿಸಲಾಗದೆ ಸೆರಗು ಬಾಯಿಗಿಟ್ಟು ಒಳಗೆ ಹೋದರು.

ಇಷ್ಟಾದರೂ ನನಗೆ ಖಾತ್ರಿ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಅರ್ಥ ನಿಶ್ಚಯ ಮಾಡುವುದು ನನ್ನ ಕಸುಬು, ಸಂಶಯ ನನ್ನ ರೋಗ. ಭಾನುವಾರ ಇಡೀ ದಿನ ಅವನ ಬಳಿ ಕೂತಿದ್ದೆ. ತಟ್ಟೆ ಒರೆಸಿಕೊಟ್ಟೆ, ಅವನು ಮುಳ್ಳು ನೋಡಿದ. ಆ ಮಾತು ಮತ್ತೆ ಬರಲಿಲ್ಲ. ಸಂಜೆ ಬಸ್ಸಿನ ಹೊತ್ತಾಯಿತು. ಚೀಲ ತೆಗೆದುಕೊಂಡು, “ಹೋಗಿ ಬರ್ತೀನಣ್ಣಾ” ಎಂದೆ.

ಅವನು ಕಿಟಕಿಯನ್ನು ನೋಡುತ್ತಾ, ಎರಡು ಮಾತುಗಳನ್ನು ಒಂದರ ಪಕ್ಕ ಒಂದು ಇಟ್ಟ.

“ಹೋಗ. ಬೇಡ.”

ನಡುವೆ ಒಂದು ಉಸಿರಿನಷ್ಟು ಅಂತರವಿತ್ತು. ನಾನು ಚೀಲ ಹಿಡಿದು ನಿಂತೆ. ಹೋಗು, ನೀನು ಬೇಡ ಎಂದನೇ? ಹೋಗಬೇಡ ಎಂದನೇ? ಹೋಗುತ್ತೀಯಾ, ಬೇಡುತ್ತೇನೆ ಎಂದನೇ? ಅಭ್ಯಾಸಬಲದಿಂದ ಒಂದೊಂದನ್ನೂ ಎತ್ತಿ ನೋಡುತ್ತಿದ್ದೆ. ಒಳಗಿನಿಂದ ಅತ್ತಿಗೆಯ ದನಿ ಬಂತು: “ಏನು ಪಂಡಿತ್ರೇ, ಈಗ ಯಾವ ಪುಸ್ತಕ ತೆಗೀತೀರಿ?”

ಚೀಲ ಕೆಳಗಿಟ್ಟೆ. ಅದು ನೆಲಕ್ಕೆ ತಾಗಿದ ಸದ್ದಿಗೆ ಅವನ ಮುಖ ನಿಂತಿತು. ಮುಳ್ಳು ನಿಂತಾಗ ಹಾಗಾಗುತ್ತದೆ ಎಂದು ಅತ್ತಿಗೆ ಬರೆದಿದ್ದರು. ನಾನು ಕಣ್ಣಾರೆ ನೋಡಿದೆ.

ಆಗಿನಿಂದ ಇಲ್ಲೇ ಇದ್ದೇನೆ. ಬೆಳಗ್ಗೆ ಅವನು ನನ್ನ ಹೆಗಲು ಹಿಡಿದು ಬರುತ್ತಾನೆ, ಅಂಗಡಿಯ ಬಾಗಿಲು ತೆಗೆಯುತ್ತೇವೆ. ಅವನು ಕಣ್ಣು, ನಾನು ಕೈ. ತಿರುಪು ಬಿದ್ದರೆ ಹುಡುಕುವವನು ನಾನು. ನನ್ನ ಕೆಲಸ ಅವನಿಗೆ ಒಪ್ಪಿಗೆಯಾಗುವುದಿಲ್ಲ. “ತೆಗಿ” ಎನ್ನುತ್ತಾನೆ, ಮತ್ತೆ ಮೊದಲಿನಿಂದ ಮಾಡಿಸುತ್ತಾನೆ. ನೀವಿಬ್ಬರೂ ಭೇಟಿಯಾದರೆ ಚೆನ್ನಾಗಿ ಹೊಂದುತ್ತೀರಿ.

ನಾನು ಮುಗಿಸದೆ ಬಂದ ಚೀಟಿಯನ್ನು ಇದರೊಂದಿಗೆ ಕಳುಹಿಸುತ್ತಿದ್ದೇನೆ. ಮೂಲ, ದಾಯಾದಿಗಳು, ಟಿಪ್ಪಣಿ ಎಲ್ಲವನ್ನೂ ನಾನೇ ತೆಗೆದಿದ್ದೇನೆ. ಅಂಗಲಾಚು ಕೂಡ ತೆಗೆದಿದ್ದೇನೆ. ಉಳಿದದ್ದು ಇಷ್ಟು:

ಬಿಸೀಚ್, ಕ್ರಿಯಾಪದ: ಬೇಡು.

ನನಗೆ ರಜೆ ಬೇಕು. ಎಷ್ಟು ದಿನ ಎಂದು ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಇಂಥ ಅರ್ಜಿಗಳಲ್ಲಿ ನಾನು ಯಾವಾಗಲೂ ಕೋರುತ್ತೇನೆ, ವಿನಂತಿಸುತ್ತೇನೆ ಎಂದು ಬರೆಯುತ್ತಿದ್ದೆ. ಬೇಡುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ.

ಬೇಡುತ್ತೇನೆ, ಮೇಡಂ. ಕೊಂಬು ಸರಿಯಾಗಿ ಮೂಡಿದೆಯೇ ನೋಡಿ.

ತಮ್ಮ ಕಚೇರಿಯ
‘ಬಿ’ ಅಕ್ಷರದವನು